ತೊಗರಿಬೇಳೆಯಷ್ಟು ಮುಖ

ಕದಿರೇಶನನ್ನು ಸರಕೆಂದುಕೊಂಡು ನೋಡಿದರೆ ಮೊದಲ ನೋಟಕ್ಕೆ ಯಾರೂ ಕೈಹಾಕುವ ಮಾಲಲ್ಲ. ಬಲಭುಜ ಎಡಭುಜಕ್ಕಿಂತ ತಗ್ಗು. ವರ್ಷಗಟ್ಟಲೆ ಮದುವೆಮನೆಗಳಲ್ಲಿ ಲೈಟಿನ ಕಂಬ ಹೊತ್ತ ಗುರುತು. ಅಂಗಿಯ ಮೇಲಿನ ಗುಂಡಿ ಇರುತ್ತಿರಲಿಲ್ಲ. ಕಣ್ಣು ಕೆಂಪು, ಆದರೆ ಕುಡಿತದ್ದಲ್ಲ. ಕುಡಿತದ ಕೆಂಪು ಸಂಜೆಗೆ ಏರುತ್ತದೆ, ಇವನದು ಬೆಳಗ್ಗೆಯೂ ಅಷ್ಟೇ. ಮಾತು ಕಡಿಮೆ, ಅದನ್ನೂ ಜಿಪುಣ ಚಿಲ್ಲರೆ ಕೊಟ್ಟ ಹಾಗೆ ತಡೆದು ತಡೆದು ಕೊಡುತ್ತಿದ್ದ. ಅವಸರದ ವ್ಯಾಪಾರಿ ಇಂಥ ಮಾಲನ್ನು ಪಕ್ಕಕ್ಕೆ ಸರಿಸಿ ಮುಂದಿನದಕ್ಕೆ ಹೋಗುತ್ತಾನೆ. ಪೆಟ್ಟು ತಿಂದು ಕಲಿತವನು ಮಾತ್ರ ಒಮ್ಮೆ ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ. ಹಾಗೆ ನೋಡಿದರೆ ಅವನಲ್ಲಿ ಎರಡು ಗುಣ ಕಾಣುತ್ತಿದ್ದವು. ಕಂಡ ಮುಖವನ್ನು ಮರೆಯುತ್ತಿರಲಿಲ್ಲ. ಮತ್ತೆ, ಕಾಯುವುದು ಅವನಿಂದ ಆಗುತ್ತಿರಲಿಲ್ಲ. ಕೋಲಾರದ ಬಸ್ಸು ಹೊರಡುವುದು ತಡವಾದರೆ ಇಳಿದು ನಡೆಯತೊಡಗುವ ಆಸಾಮಿ. ನರಸಿಂಹತೀರ್ಥದ ಹತ್ತಿರ ಅದೇ ಬಸ್ಸು ಅವನನ್ನು ದಾಟಿಕೊಂಡು ಹೋಗುವಾಗ ಕಂಡಕ್ಟರ್ ಕಿಟಕಿಯಿಂದ ಕೈಬೀಸುತ್ತಿದ್ದ.

ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕೋದಂಡರಾಮಪ್ಪನವರ ಫೋಟೋ ಸ್ಟುಡಿಯೋ. ಅದಕ್ಕೆ ಅಂಟಿಕೊಂಡಂತೆ ಒಂದು ಫ್ರೇಮಿನಂಗಡಿ. ಅದನ್ನು ನಡೆಸುತ್ತಿದ್ದವನೇ ಇದನ್ನು ಬರೆಯುತ್ತಿರುವುದು; ಅವನ ವಿಷಯ ಸದ್ಯಕ್ಕೆ ಇಷ್ಟು ಸಾಕು. ಸ್ಟುಡಿಯೋದಲ್ಲಿ ಅಚ್ಚಾದದ್ದಕ್ಕೆ ಪಕ್ಕದಲ್ಲಿ ಕಟ್ಟು ಹಾಕುತ್ತಿದ್ದರು. ಮದುವೆಗಾದರೆ ಬಂಗಾರದ ಬಣ್ಣದ ಪಟ್ಟಿ, ಸಾವಿಗಾದರೆ ಕರಿಯದು. ಎರಡರಿಂದಲೂ ಎರಡೂ ಅಂಗಡಿಯ ಒಲೆ ಉರಿಯುತ್ತಿತ್ತು. ಕದಿರೇಶ ತೊಂಬತ್ತರ ದಶಕದಲ್ಲಿ ಲೈಟು ಹಿಡಿಯುವವನಾಗಿ ಸ್ಟುಡಿಯೋ ಸೇರಿದವನು. ರೀಲಿನ ಕಾಲ ಮುಗಿದು ಡಿಜಿಟಲ್ ಕ್ಯಾಮೆರಾ ಬಂದಾಗ ಕೋದಂಡರಾಮಪ್ಪನವರು ಒಂದು ಕಂಪ್ಯೂಟರ್ ತಂದರು, ಅರಿಶಿನ ಕುಂಕುಮ ಹಚ್ಚಿದರು, ಹಾರ ಹಾಕಿದರು, ಆಮೇಲೆ ದೂರ ಹೋಗಿ ಕೂತರು. ಅದನ್ನು ಮುಟ್ಟುವ ಕೆಲಸ ಕದಿರೇಶನ ಪಾಲಿಗೆ ಬಂತು.

ನಮ್ಮ ಕಡೆ ಬಡವರು ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲ, ಫೋಟೋದಲ್ಲಿ ಸಿಕ್ಕಿಬೀಳುತ್ತಿದ್ದರು. ಯಾರದೋ ಮದುವೆಯಲ್ಲಿ ಊಟದ ಪಂಕ್ತಿಯ ಕೊನೆಗೆ, ಧಾರೆಯ ಹೊತ್ತಿಗೆ ಕಂಬದ ಮರೆಗೆ, ವಾಲಗದವರ ಹಿಂದೆ. ಹಾಗೆ ಸಿಕ್ಕಿಬಿದ್ದದ್ದು ಅವರಿಗೂ ಗೊತ್ತಿರುತ್ತಿರಲಿಲ್ಲ. ಸತ್ತ ಮೇಲೆ ಮನೆಯವರಿಗೆ ಅದರ ನೆನಪಾಗುತ್ತಿತ್ತು. ಹನ್ನೊಂದನೇ ದಿನ ಎಡೆ ಇಡುವಾಗ ಎಲೆಯ ಮುಂದೆ ಒಂದು ಮುಖ ಬೇಕು. ಮುಖವಿಲ್ಲದೆ ಎಡೆ ಇಟ್ಟರೆ ಯಾರಿಗೆ ಇಟ್ಟಂತಾಯಿತು? ಮೂರನೇ ದಿನದ ಹಾಲು-ತುಪ್ಪ ಮುಗಿಸಿದವರು ನೇರ ಸ್ಟುಡಿಯೋಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು.

"ಅಣ್ಣಾ, ನಮ್ಮಪ್ಪ ತಾಯಲೂರಿನ ಗೌಡ್ರ ಮಗಳ ಮದುವೇಲಿ ಊಟಕ್ಕೆ ಕೂತಿದ್ರು. ಬಿಳೀ ಪಂಚೆ ಉಟ್ಕೊಂಡಿದ್ರು, ನೋಡಣ್ಣಾ."

ಆ ಮದುವೆಯಲ್ಲಿ ಬಿಳೀ ಪಂಚೆ ಉಡದ ಗಂಡಸು ಮದುಮಗನೊಬ್ಬನೇ, ಅವನಿಗೆ ಸೂಟು ಹೊಲಿಸಿದ್ದರು. ಕದಿರೇಶ ಫೋಟೋ ನೋಡುವ ಪ್ರೋಗ್ರಾಮು ತೆರೆಯುತ್ತಿದ್ದ. ಪರದೆಯ ತುಂಬ ಬೂದು ಬಣ್ಣದ ಚೌಕಗಳು ಏಳುತ್ತಿದ್ದವು. ಮೊದಲ ಚೌಕದಲ್ಲಿ ಚಿತ್ರ ಮೂಡಬೇಕು, ಆಮೇಲೆ ಎರಡನೆಯದರಲ್ಲಿ, ಆಮೇಲೆ ಇನ್ನೊಂದರಲ್ಲಿ, ಯಾರೋ ಒಬ್ಬ ಮುದುಕ ಒಳಗೆ ಕೂತು ಒಂದೊಂದನ್ನೂ ಕೈಯಲ್ಲಿ ಬರೆಯುತ್ತಿರುವ ಹಾಗೆ. ಕೆಳಕ್ಕೆ ಎಳೆದರೆ ಮತ್ತೆ ಬೂದು. ಏನೋ ಬಿಟ್ಟುಹೋಯಿತೆಂದು ಮೇಲಕ್ಕೆ ಹೋದರೆ ಆಗಲೇ ಮೂಡಿದ್ದವೂ ಅಳಿಸಿಹೋಗಿ ಪುನಃ ಮೊದಲಿನಿಂದ. ಬೆಂಚಿನ ಮೇಲಿನ ಹೆಂಗಸರು ಅತ್ತು, ಕಣ್ಣೊರೆಸಿಕೊಂಡು, ಕಾಫಿ ತರಿಸಿ ಕುಡಿದು, ಮತ್ತೆ ಅಳಲು ಶುರುಮಾಡಿದರೂ ಪಂಕ್ತಿ ಅರ್ಧ ಆಗಿರುತ್ತಿರಲಿಲ್ಲ. ಕದಿರೇಶನ ಕಾಲು ಮೇಜಿನ ಕೆಳಗೆ ತಾಳ ಹಾಕುತ್ತಿತ್ತು.

"ಇರ್ಲಿ ಬಿಡೋ. ಸತ್ತೋರಿಗೇನು ಅರ್ಜೆಂಟು?" ಎನ್ನುತ್ತಿದ್ದರು ಕೋದಂಡರಾಮಪ್ಪ.

"ಸತ್ತೋರಿಗಿಲ್ಲ ಸಾರ್. ನನಗೈತೆ."

ಅವನ ಅರ್ಜೆಂಟಿಗೆ ಇನ್ನೊಂದು ಕಾರಣವಿತ್ತು. ಅವನ ತಾಯಿ ಮುನಿಶಾಮಮ್ಮ ಛತ್ರಗಳ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವಳು. ಮುಳಬಾಗಿಲು, ಕೋಲಾರ, ಶ್ರೀನಿವಾಸಪುರ ಎಂದು ಅಡುಗೆ ಭಟ್ಟರ ಗುಂಪು ಹೋದಲ್ಲೆಲ್ಲ ಹೋಗುತ್ತಿದ್ದಳು. ಈ ಸೀಮೆಯ ಮದುವೆಗಳನ್ನೆಲ್ಲ ಕಂಡವಳು ಅವಳು, ಒಂದರಲ್ಲೂ ಅಕ್ಷತೆ ಹಾಕಿದವಳಲ್ಲ. ಅವಳದೆಂದು ಒಂದು ಫೋಟೋ ಇರಲಿಲ್ಲ. ವೋಟಿನ ಕಾರ್ಡನ್ನು ಎಲೆಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಜೊತೆ ಇಟ್ಟುಕೊಂಡಿದ್ದರಿಂದ ಅದರಲ್ಲಿದ್ದ ಮುಖವನ್ನು ಸುಣ್ಣ ತಿಂದುಹಾಕಿತ್ತು. ಮಗ ಕ್ಯಾಮೆರಾ ಎತ್ತಿದರೆ ಸೆರಗನ್ನು ಹಣೆಯಿಂದ ಗಲ್ಲದವರೆಗೆ ಎಳೆದುಕೊಳ್ಳುತ್ತಿದ್ದಳು.

"ನೀನು ಮುಖ ಹುಡುಕ್ದೋರಲ್ಲಿ ಒಬ್ರಾದ್ರೂ ಬದುಕವ್ರೇನ್ಲಾ?" ಎಂದು ಕೇಳುತ್ತಿದ್ದಳು. "ಎಲ್ಲಾ ಗೋಡೆ ಸೇರಿದೋರೇ. ನನ್ನ ಯಾವಾಗ ಸೇರಿಸ್ಬೇಕು ಅಂತ ಲೆಕ್ಕ ಹಾಕ್ತಿದ್ದೀಯಾ ನಾಯ್ನಾ?"

ಕದಿರೇಶ ನಗುತ್ತಿದ್ದ, ಆದರೆ ಅವಳ ಮಾತು ಅವನೊಳಗೆ ಇಳಿದು ಕೂತಿತ್ತು. ನಿಜಕ್ಕೂ ಅವನು ಹುಡುಕಿ ದೊಡ್ಡದು ಮಾಡಿದ ಒಂದು ಮುಖವೂ ಉಸಿರಾಡುತ್ತಿರಲಿಲ್ಲ. ಅವಳನ್ನು ಎದುರಿಗೆ ಕೂರಿಸುವುದಂತೂ ಆಗದು. ಎಲ್ಲಾದರೂ ಯಾರದಾದರೂ ಮದುವೆಯ ಮೂಲೆಯಲ್ಲಿ ತಾನಾಗಿ ಸಿಕ್ಕಿಬಿದ್ದಿದ್ದರೆ ಸಾಕು, ಅದನ್ನು ಅಲ್ಲೇ ಸುಮ್ಮನೆ ಇಟ್ಟುಕೊಳ್ಳುವೆ ಎಂಬುದು ಅವನ ಆಸೆ. ಅಷ್ಟು ಮದುವೆ ತಡಕಬೇಕಾದರೆ ಆ ಬೂದು ಚೌಕಗಳು ಬೇಗ ಬಿಡಬೇಕು.

ಒಂದು ದಿನ ಮಧ್ಯಾಹ್ನ ಅವನು ಫ್ರೇಮಿನಂಗಡಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದ. ಗೋಡೆಯ ಹಲಗೆಯ ಮೇಲೆ ಪಟ್ಟಿಯ ಮೂಲೆತುಂಡುಗಳನ್ನು ಸಾಲಾಗಿ ಹೊಡೆದಿತ್ತು. ಗಿರಾಕಿಗಳು ಬಂದು ಬೆರಳಿಟ್ಟು ತೋರಿಸಿ ಹೋಗುತ್ತಿದ್ದರು.

"ಉದ್ದ ಪಟ್ಟಿ ಒಳಗಿಂದ ತಂದು ತೋರಿಸಲ್ವಾ ಅಣ್ಣಾ?" ಎಂದು ಕೇಳಿದ ಕದಿರೇಶ.

"ತಂದು ತಂದು ತೋರಿಸ್ತಾ ಕೂತ್ರೆ ಸಂಜೆಗೆ ನನ್ನ ಸೊಂಟ ಇರಲ್ಲ, ಗಿರಾಕೀನೂ ಇರಲ್ಲ. ತುಂಡು ನೋಡಿ ಆರಿಸ್ಕೊಳ್ಳಲಿ. ಆರಿಸಿದ್ದನ್ನ ಮಾತ್ರ ಗೋಡೌನಿಂದ ತರೋದು."

ಕದಿರೇಶ ಹಲಗೆಯನ್ನೇ ನೋಡುತ್ತ ಕೂತ. ಆಮೇಲೆ ಅರ್ಧ ಕಾಫಿ ಬಿಟ್ಟು ಎದ್ದುಹೋದ. ಕಾಫಿ ಬಿಟ್ಟು ಹೋಗುವವನಲ್ಲ ಅವನು.

ಕಂಪ್ಯೂಟರ್ ಮಾರಿದ್ದ ಮಾಧವ್ ಕೋಲಾರದಿಂದ ಬಂದ. ಅವನ ಅಪ್ಪ ಪುರೋಹಿತರು. ಇವನಿಗೂ ಬಾಯಿ ನಿಲ್ಲುತ್ತಿರಲಿಲ್ಲ, ಮಂತ್ರ ಮಾತ್ರ ಬೇರೆ. ಕದಿರೇಶ ಹಲಗೆಯ ವಿಷಯ ಹೇಳಿದ್ದೇ ಅವನು ಮೇಜು ಕುಟ್ಟಿದ.

"ಅದೇ ಕಣೋ! ನಿನ್ನ ಪ್ರೋಗ್ರಾಮು ಏನ್ ಮಾಡ್ತಿದೆ ಗೊತ್ತಾ? ಅಂಚೆಚೀಟಿಯಷ್ಟು ತೋರಿಸೋಕೆ ಪ್ರತಿ ಸಲ ಇಡೀ ದೊಡ್ಡ ಫೋಟೋನ ಬಿಚ್ಚಿ, ಕುಗ್ಗಿಸಿ, ತೋರಿಸಿ, ಮರೆತುಬಿಡತ್ತೆ. ಮುಂದಿನ ಸಲ ಮತ್ತೆ ಅದೇ ಪಾಡು. ಜೊತೆಗೆ ವೈರಸ್ ಹಿಡಿಯೋನೊಬ್ಬ ಬಾಗಿಲಲ್ಲಿ ಕೂತು ಒಂದೊಂದನ್ನೂ ಮೂಸಿ ಒಳಗೆ ಬಿಡ್ತಾನೆ. ಮೇಲಾಗಿ ನೀನು ಒಂದು ಮದುವೇನ ಪೂರ್ತಿ ಒಂದೇ ಫೋಲ್ಡರಿಗೆ ತುಂಬಿದೀಯ, ಸಂತೆಗೆ ಹೋಗೋ ಲಾರಿ ಥರ."

ಇಬ್ಬರೂ ಸೇರಿ ರಿಪೇರಿಗೆ ಇಳಿದರು. ಮದುವೆ ಒಳಬರುತ್ತಲೇ ಪ್ರತಿ ಫೋಟೋಗೂ ಒಂದು ಚಿಕ್ಕ ಪ್ರತಿ ಮಾಡಿ ಒಳಗಿನ ಡಿಸ್ಕಿನಲ್ಲಿ ಬೇರೆ ಇಟ್ಟರು. ಆ ಕೆಲಸ ಕದಿರೇಶ ಊಟಕ್ಕೆ ಹೋದಾಗ ಕಂಪ್ಯೂಟರ್ ತಾನೇ ಮಾಡಿಕೊಳ್ಳುತ್ತಿತ್ತು. ದೊಡ್ಡವೆಲ್ಲ ಪಕ್ಕದ ದೊಡ್ಡ ಡಿಸ್ಕಿಗೆ. ಚಪ್ಪರ, ಧಾರೆ, ಊಟ, ಅಡುಗೆಮನೆ ಎಂದು ಫೋಲ್ಡರ್ ಒಡೆದರು. ಮೂಸುವವನಿಗೆ ಆ ಕಡೆ ತಲೆಹಾಕಬೇಡ ಎಂದು ಹೇಳಿದರು. ಪರದೆಯಲ್ಲಿ ಕಾಣುವಷ್ಟನ್ನು ಮಾತ್ರ ಮೊದಲು ತರುವ ಹಾಗೆ ಮಾಡಿದರು.

ಹೋಗುವಾಗ ಮಾಧವ್ ಬಾಗಿಲಲ್ಲಿ ನಿಂತು ಎಚ್ಚರಿಸಿದ: "ನೆನಪಿಟ್ಕೋ, ಒಳಗಿರೋದು ಬರೀ ತುಂಡು. ಮಾಲು ಆ ದೊಡ್ಡ ಡಿಸ್ಕಲ್ಲಿದೆ."

ಕದಿರೇಶ ತಲೆಯಾಡಿಸಿದ. ಕೋದಂಡರಾಮಪ್ಪನವರು ಆಗ ಹೊರಗೆ ಕಡಲೆಕಾಯಿ ಆರಿಸುತ್ತಿದ್ದರು.

ಆಮೇಲೆ ನೋಡಬೇಕಿತ್ತು. ಬೆರಳು ಸರಿಸಿದಷ್ಟೂ ಮುಖಗಳು ಸುರಿಯುತ್ತಿದ್ದವು, ಚೀಲದ ಬಾಯಿ ಬಿಚ್ಚಿದಾಗ ರಾಗಿ ಸುರಿಯುವ ಹಾಗೆ. ಬೆಂಚಿನ ಮೇಲಿನವರು ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ "ಇವ್ರೇನಾ?" ಎಂದು ಕೇಳಿ ಮುಗಿದಿರುತ್ತಿತ್ತು. ಮಾಲೂರು, ಶ್ರೀನಿವಾಸಪುರದಿಂದಲೂ ಜನ ಬರತೊಡಗಿದರು. ಸತ್ತವರನ್ನು ಕೊಡುತ್ತಾನೆ ಎಂದು ಹೆಸರಾಯಿತು. ಕದಿರೇಶನಿಗೆ ಅದರ ಗರ್ವವೂ ಇತ್ತು. ಸಿಕ್ಕಿದ ಮುಖವನ್ನು ಮೇಜಿನ ಮೇಲೆ ಜಾದೂಗಾರ ಪಾರಿವಾಳ ಬಿಟ್ಟ ಹಾಗೆ ಬಿಡುತ್ತಿದ್ದ. ಅಳುವವರ ಮುಂದೆ ಆ ಗತ್ತು ಸ್ವಲ್ಪ ಹೆಚ್ಚೇ ಎನ್ನಿಸುತ್ತಿತ್ತು.

ಆ ವರ್ಷ ಫ್ರೇಮಿನಂಗಡಿಯವನ ಹೆಂಡತಿ ಆದಿಲಕ್ಷ್ಮಿ ತೀರಿಕೊಂಡಳು. ಊರಿನ ಗೋಡೆಗಳಿಗೆಲ್ಲ ಕಟ್ಟು ಹಾಕಿದವನ ಮನೆಯಲ್ಲಿ ಮದುವೆಯ ದಿನದ ಒಂದು ಕಪ್ಪುಬಿಳುಪು ಬಿಟ್ಟರೆ ಅವಳ ಫೋಟೋ ಇರಲಿಲ್ಲ, ಅದಕ್ಕೂ ಗೆದ್ದಲು ಹತ್ತಿತ್ತು. ಅವನು ಸ್ಟುಡಿಯೋಗೆ ಹೋಗಿ ಕೇಳಲಿಲ್ಲ. ಕದಿರೇಶನೇ ಬಂದು ಒಂದು ಕವರು ಇಟ್ಟುಹೋದ. ಕುರುಡುಮಲೆಯ ಗುಡಿಯಲ್ಲಿ ಯಾರದೋ ಮದುವೆ. ಆದಿಲಕ್ಷ್ಮಿ ಅಕ್ಷತೆ ಹಿಡಿದ ಕೈ ಎತ್ತಿ, ಎಸೆಯುವ ಮೊದಲು ಯಾರನ್ನೋ ಹುಡುಕುತ್ತಿದ್ದಾಳೆ. ಅವಳು ಹುಡುಕುತ್ತಿದ್ದದ್ದು ಯಾರನ್ನೆಂದು ಫ್ರೇಮಿನವನಿಗೆ ಗೊತ್ತಿತ್ತು. ಅವನು ಅಂದು ಗುಡಿಯ ಹೊರಗೆ ಯಾರ ಹತ್ತಿರವೋ ಗಾಜಿನ ದರ ಮಾತಾಡುತ್ತ ನಿಂತಿದ್ದ.

ಅದೇ ಹುಡುಕಾಟದಲ್ಲಿ ಕದಿರೇಶನಿಗೆ ತನ್ನದೂ ಸಿಕ್ಕಿತು. ಶ್ರೀನಿವಾಸಪುರದ ಒಂದು ಮಾವಿನ ಮಂಡಿಯವರ ಮದುವೆ. ಸೀಕರಣೆ ಚೆಲ್ಲಿದ ನೆಲದಲ್ಲಿ ಜಾರಿ ಕದಿರೇಶ ಲೈಟಿನ ಕಂಬದ ಸಮೇತ ಬಿದ್ದಿದ್ದ. ಆ ಗದ್ದಲದಲ್ಲಿ ಫೋಟೋ ತೆಗೆಯುವವನ ಬೆರಳು ಒತ್ತಿಕೊಂಡಿತ್ತು. ಚಿತ್ರದಲ್ಲಿ ಕದಿರೇಶನ ಒಂದು ಪಾದವಿದೆ, ಕಂಬದ ಮೂರು ಕಾಲಿವೆ. ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಮುನಿಶಾಮಮ್ಮ, ಕೈಯಲ್ಲಿ ತೆಂಗಿನ ನಾರು, ಬಾಯಿತುಂಬ ನಗು, ಸೆರಗು ಹೆಗಲಿನಲ್ಲೇ ಇದೆ. ಮುಚ್ಚಿಕೊಳ್ಳಲು ಪುರುಸೊತ್ತು ಸಿಕ್ಕಿಲ್ಲ. ಬೇರೆ ಮದುವೆಗಳಲ್ಲಿ ಅವಳ ಮೊಣಕೈ ಇತ್ತು, ಬೆನ್ನಿತ್ತು, ಸೆರಗಿನ ತುದಿಯಿತ್ತು. ಮುಖ ಇದೊಂದರಲ್ಲೇ.

ಮುನಿಶಾಮಮ್ಮ ಒಮ್ಮೆ ಛತ್ರದಿಂದ ಉಳಿದ ಪಾಯಸ ತಂದುಕೊಡಲು ಸ್ಟುಡಿಯೋಗೆ ಬಂದಳು. ಕದಿರೇಶ ತಡೆಯಲಾರದೆ ತೋರಿಸಿಬಿಟ್ಟ. ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

"ಇದು ನಾನಾ? ಅಯ್ಯೋ, ಬಾಯಿ ನೋಡು, ಕೋಡುಬಳೆ ಹೋಗೋ ಹಂಗೆ!" ಎಂದು ನಕ್ಕಳು. ಆಮೇಲೆ ಪರದೆಯಿಂದ ಹಿಂದೆ ಸರಿದಳು. "ಇಷ್ಟೇ ಇರ್ಲಿ ನಾಯ್ನಾ. ಇಷ್ಟು ಚಿಕ್ಕದಾಗೇ ಇರ್ಲಿ. ದೊಡ್ಡದು ಮಾಡಿದ್ರೆ ಗೋಡೆ ಕೇಳ್ತೈತೆ."

"ಮಾಡಲ್ಲ ಕಣಮ್ಮಾ."

"ನನ್ ಮೇಲಾಣೆ?"

"ನಿನ್ ಮೇಲಾಣೆ."

ಅವನು ಆಣೆ ಉಳಿಸಿಕೊಂಡ. ದಿನಕ್ಕೊಮ್ಮೆ, ಅಂಗಡಿ ಖಾಲಿಯಿದ್ದಾಗ, ಆ ಫೋಲ್ಡರಿಗೆ ಹೋಗಿ ಚಿಕ್ಕದನ್ನು ನೋಡಿ ಬರುತ್ತಿದ್ದ. ಕಣ್ಣು ಮಿಟುಕಿಸುವುದರೊಳಗೆ ಬಂದು ನಿಲ್ಲುತ್ತಿದ್ದಳು. ಮೇಲೆ ಒತ್ತಿ ದೊಡ್ಡದನ್ನು ತೆರೆಯಲಿಲ್ಲ. ಇದೆಯಲ್ಲ, ಎಲ್ಲಿಗೆ ಹೋಗುತ್ತದೆ?

ಮರುವರ್ಷದ ಬೇಸಿಗೆಯಲ್ಲಿ ಮದುವೆಗಳು ಮೇಲೆ ಮೇಲೆ ಬಿದ್ದವು. ಹೊಸ ಕ್ಯಾಮೆರಾದ ಫೋಟೋಗಳು ಹಳೆಯವಕ್ಕಿಂತ ದಪ್ಪ. ಕದಿರೇಶ ಮಾಲೂರಿನ ಕಡೆ ಸಾಲು ಮದುವೆಗಳಿಗೆ ಹೋಗಿದ್ದಾಗ ದೊಡ್ಡ ಡಿಸ್ಕು ತುಂಬಿಹೋಯಿತು. ಒಳಗೆ ಜಾಗವಿಲ್ಲ ಎಂದು ಕಂಪ್ಯೂಟರ್ ಬಾಯಿಬಿಟ್ಟು ಹೇಳಿತು. ಕಾರ್ಡು ಖಾಲಿ ಮಾಡಿಕೊಡಿ ಎಂದು ಇನ್ನೊಂದು ಮದುವೆಯ ಕ್ಯಾಮೆರಾದವನು ಎದುರಿಗೆ ನಿಂತಿದ್ದ. ಕೋದಂಡರಾಮಪ್ಪನವರು ಧೈರ್ಯ ಮಾಡಿ ಮೌಸು ಹಿಡಿದರು. ಪ್ರೋಗ್ರಾಮು ತೆರೆದರೆ ಎಲ್ಲ ಮದುವೆಗಳೂ ಸರಸರ ಬಂದವು. ಒಳಗಿನ ಡಿಸ್ಕಿನಲ್ಲೂ ಅದೇ ಹೆಸರಿನ ಫೋಟೋ, ದೊಡ್ಡ ಡಿಸ್ಕಿನಲ್ಲೂ ಅದೇ ಹೆಸರಿನ ಫೋಟೋ. ರೀಲಿನ ಕಾಲದವರು ಅವರು; ಅವರ ಲೆಕ್ಕದಲ್ಲಿ ನೆಗೆಟಿವ್ ಎಂದರೆ ಚಿಕ್ಕದು, ಅದನ್ನು ಜೋಪಾನವಾಗಿಟ್ಟರೆ ಎಷ್ಟು ದೊಡ್ಡದು ಬೇಕಾದರೂ ಆಗುತ್ತದೆ. ಜೀವಮಾನವೆಲ್ಲ ಬೆರಳಗಲದ ನೆಗೆಟಿವನ್ನು ಬಾಗಿಲಗಲ ಮಾಡಿ ಕೊಟ್ಟವರು. ಚಿಕ್ಕದನ್ನು ಇಟ್ಟುಕೊಂಡು ದೊಡ್ಡ ಡಿಸ್ಕನ್ನು ಒರೆಸಿಹಾಕಿದರು.

ಕದಿರೇಶ ವಾಪಸು ಬಂದಾಗ ಜಾಗ ಹೇಗಾಯಿತು ಎಂದು ಕೇಳಿದ.

"ಮಾಡಿದೀನಿ ಕಣಯ್ಯ. ನಿನಗೊಬ್ಬನಿಗೇ ಬರೋದು ಅನ್ಕೊಂಡಿದ್ಯಾ?" ಎಂದರು ಅವರು, ಖುಷಿಯಾಗಿ.

ಹೊಸ ಡಿಸ್ಕು ತರಿಸಿದ್ದಾರೆ ಎಂದುಕೊಂಡ ಕದಿರೇಶ. ಸೀಸನ್ನಿನ ಮದುವೆಗಳೆಲ್ಲ ಒಂದರ ಮೇಲೊಂದು ಒರೆಸಿದ ಆ ಡಿಸ್ಕಿಗೇ ಇಳಿದವು. ಆ ಬೇಸಿಗೆ ಮುಖ ಕೇಳಿಕೊಂಡು ಬಂದವರು ಯಾರೂ ಇರಲಿಲ್ಲ. ಅವನು ದಿನವೂ ತಾಯಿಯನ್ನು ನೋಡಿ ಬರುತ್ತಿದ್ದ. ಅವಳು ದಿನವೂ ಬಂದು ನಿಲ್ಲುತ್ತಿದ್ದಳು.

ಮಳೆಗಾಲದ ಶುರುವಿನಲ್ಲಿ ಹುತ್ತೂರಿನ ಕಡೆಯ ಚಿಕ್ಕಗಂಗಮ್ಮ ಬಂದಳು. ಗಂಡ ಪೆದ್ದಪ್ಪ ರೇಷ್ಮೆಗೂಡಿನ ಮೂಟೆ ಇಳಿಸುವಾಗ ಲಾರಿಯಿಂದ ಬಿದ್ದು ಸತ್ತಿದ್ದ. ಹಿಂದಿನ ವರ್ಷ ಮಾಲೂರಿನ ಒಂದು ಮದುವೆಯಲ್ಲಿ ಬಡಿಸಲು ನಿಂತಿದ್ದನಂತೆ. ಕದಿರೇಶ ಬೆರಳು ಸರಿಸಿದ. ಸಾಂಬಾರಿನ ಬಕೆಟ್ಟು ಹಿಡಿದ ಪೆದ್ದಪ್ಪ ಬಂದ.

"ಇವ್ರೇನಾಮ್ಮಾ?"

ಚಿಕ್ಕಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡು ತಲೆಯಾಡಿಸಿದಳು. ಕದಿರೇಶ ದೊಡ್ಡದು ತೆರೆಯಲು ಒತ್ತಿದ. ಫೈಲು ಇಲ್ಲ ಎಂದಿತು. ಮತ್ತೆ ಒತ್ತಿದ. ಪಕ್ಕದ ಫೋಟೋ ಒತ್ತಿದ. ದೊಡ್ಡ ಡಿಸ್ಕು ತೆರೆದು ನೋಡಿದ. ಬೇಸಿಗೆಯ ಮದುವೆಗಳು ಬಿಟ್ಟು ಹಿಂದಿನದು ಒಂದೂ ಇರಲಿಲ್ಲ.

ಚಿಕ್ಕಗಂಗಮ್ಮನನ್ನು ಮರೆತು ಅವನು ಶ್ರೀನಿವಾಸಪುರದ ಫೋಲ್ಡರಿಗೆ ಹೋದ. ಮುನಿಶಾಮಮ್ಮ ನಗುತ್ತ ನಿಂತಿದ್ದಳು. ಮೊದಲ ಸಲ ಅವಳ ಮೇಲೆ ಒತ್ತಿದ. ಅದೇ ಮಾತು ಬಂತು.

"ಅಲ್ಲೇ ಐತಲ್ಲಪ್ಪ, ಕಾಣ್ತಿಲ್ವಾ?" ಎಂದರು ಕೋದಂಡರಾಮಪ್ಪ, ಕನ್ನಡಕ ಏರಿಸುತ್ತ. "ಹಿಗ್ಗಿಸು."

ಕದಿರೇಶ ಹಿಗ್ಗಿಸಿ ತೋರಿಸಿದ. ಪೆದ್ದಪ್ಪನ ಮುಖ ಸ್ನಾನದ ಮನೆಯ ನೆಲದ ಹಾಗೆ ಚೌಕ ಚೌಕವಾಯಿತು. ಕಂದು ಚೌಕ, ಕರಿ ಚೌಕ. ಚಿಕ್ಕಗಂಗಮ್ಮ ಅದನ್ನು ನೋಡಿ ಏನು ತಿಳಿದುಕೊಂಡಳೋ, "ಅವ್ರಿಗೆ ಮುಖಕ್ಕೇನೂ ಏಟಾಗಿರ್ಲಿಲ್ಲ ಅಣ್ಣಾ" ಎಂದಳು. ಕೋದಂಡರಾಮಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಡಿಸ್ಕು ಹೊತ್ತುಕೊಂಡು ಕದಿರೇಶ ಕೋಲಾರಕ್ಕೆ ಹೋದ. ಮಾಧವ್ ಬೈಯಲೂ ಇಲ್ಲ, ಅದೇ ಕೆಟ್ಟ ಸೂಚನೆ. ಒರೆಸಿದ ತಕ್ಷಣ ತಂದಿದ್ದರೆ ಸಿಗುತ್ತಿತ್ತಂತೆ. ಮೇಲೆ ಅಷ್ಟು ಮದುವೆ ಕೂತ ಮೇಲೆ ಕಷ್ಟ. ಆದರೂ ಕೆರೆದು ಕೆರೆದು ಕೆಲವನ್ನು ಎಬ್ಬಿಸಿದ. ಶ್ರೀನಿವಾಸಪುರದ್ದೂ ಎದ್ದಿತು. ಮೇಲಿಂದ ಮಾವಿನೆಲೆಯ ತೋರಣ, ಬಾಗಿಲಿನ ಚೌಕಟ್ಟು, ನರೆತ ಮುಂದಲೆ, ಹಣೆಯ ಕುಂಕುಮ, ಅಷ್ಟು ಸ್ಪಷ್ಟವಾಗಿ. ಕುಂಕುಮದ ಕೆಳಗಿನಿಂದ ಪೂರಾ ಬೂದು.

"ಇದರ ಮುಂದಕ್ಕೆ ಇಲ್ಲ ಕಣೋ," ಎಂದ ಮಾಧವ್.

ಮದುವೆಯವರ ಮನೆಗೂ ಹೋಗಿಬಂದ. ಅವರ 'ಸೀಡಿ'ಯಲ್ಲಿ ಆಲ್ಬಮ್ಮಿಗೆ ಆರಿಸಿದ್ದವು ಮಾತ್ರ ಇದ್ದವು. ಪಾತ್ರೆ ತೊಳೆಯುವವಳು ನಗುವ ಫೋಟೋವನ್ನು ಯಾರು ಆರಿಸುತ್ತಾರೆ?

ತಾಯಿ ಇನ್ನೂ ಬದುಕಿದ್ದಳಲ್ಲ ಎಂದು ಯಾರಾದರೂ ಕೇಳಬಹುದು. ಕದಿರೇಶನೂ ಹಾಗೆಂದೇ ಮನೆಗೆ ಕ್ಯಾಮೆರಾ ತಂದ.

"ಅಮ್ಮಾ, ಒಂದೇ ನಿಮಿಷ ಕೂತ್ಕೋ."

"ಯಾಕ್ ನಾಯ್ನಾ? ಡಾಕ್ಟ್ರು ನಿನಗೊಬ್ಬನಿಗೇ ಏನಾದ್ರೂ ಹೇಳವ್ರಾ?"

"ಸುಮ್ನೆ ಕಣಮ್ಮಾ. ಹಳೇದು ಹೊರಟೋಯ್ತು."

"ಹೋದ್ರೆ ಒಳ್ಳೇದಾಯ್ತು ಬಿಡು. ಆಯಸ್ಸು ಗಟ್ಟಿ." ಸೆರಗು ಮುಖದ ಮೇಲೆ ಬಂದಿತ್ತು. "ನಿನ್ ಮದುವೇಲಿ ತೆಗಿ ಹೋಗು. ಬೇಡ ಅನ್ನಲ್ಲ."

ಛತ್ರದ ಅಡುಗೆಮನೆಗೆ ಕದ್ದು ಹೋಗಿಯೂ ನೋಡಿದ. ಅವಳು ಮಗನ ಹೆಜ್ಜೆ ಗುರುತಿಸಿ ಕೊಪ್ಪರಿಗೆಯೊಳಗೆ ತಲೆಹಾಕುತ್ತಿದ್ದಳು. ಅಡುಗೆಯವರೆಲ್ಲ ನಗುತ್ತಿದ್ದರು. ಕೊಪ್ಪರಿಗೆಯೊಳಗಿಂದ ಅವಳ ನಗುವೂ ಕೇಳುತ್ತಿತ್ತು, ಗುಡಿಯ ಗಂಟೆಯೊಳಗಿಂದ ಬಂದ ಹಾಗೆ.

ದೀಪಾವಳಿ ಕಳೆದು ಕೋಲಾರದ ಒಂದು ಛತ್ರದಲ್ಲಿ, ಕೊಪ್ಪರಿಗೆಯ ಅಂಚು ಹಿಡಿದುಕೊಂಡೇ ಮುನಿಶಾಮಮ್ಮ ಕುಸಿದಳು. ಮುಂದೆ ಮುಹೂರ್ತದ ವಾಲಗ ನಡೆಯುತ್ತಿತ್ತು. ಹಿಂದಿನ ಬಾಗಿಲಿನಿಂದ ತಂದು ಆಟೋದಲ್ಲಿ ಮಲಗಿಸಿದರು. ಮನೆಗೆ ಬಂದ ಮೇಲೆ ಕೋದಂಡರಾಮಪ್ಪನವರು ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಬಂದರು. ಹಿಂದಿನ ಕಾಲದಲ್ಲಿ ಹೆಣವನ್ನು ಕೂರಿಸಿ, ಹಾರ ಹಾಕಿ, ಎಷ್ಟೋ ಫೋಟೋ ತೆಗೆದ ಕೈ ಅದು.

"ಒಂದು ತೆಗೆದಿಟ್ಟುಬಿಡೋಣ ಕಣೋ," ಎಂದರು ತಲೆ ತಗ್ಗಿಸಿ.

"ಬ್ಯಾಡ ಸಾರ್. ಬೇಡ ಅಂದಿದ್ಲು. ಈಗ ಸೆರಗು ಎಳ್ಕೊಳ್ಳೋಕೆ ಆಗಲ್ಲ ಅವಳಿಗೆ."

ಹಾಲು-ತುಪ್ಪವಾದ ಮೇಲೆ ಕದಿರೇಶನೇ ಒಂದು ಸ್ಟುಡಿಯೋದ ಬೆಂಚಿನ ಮೇಲೆ ಕೂತ. ಅವಳು ಸತ್ತ ದಿನದ ಮದುವೆಗೆ ಫೋಟೋ ತೆಗೆದವರದು, ಕೋಲಾರದ್ದು. ಅಲ್ಲಿ ಕಂಪ್ಯೂಟರಿನ ಮುಂದೆ ಕೂತವನು ಫೋಲ್ಡರ್ ತೆರೆದ. ಪರದೆಯ ತುಂಬ ಬೂದು ಚೌಕಗಳು ಎದ್ದವು. ಒಂದೊಂದೇ ಮೂಡತೊಡಗಿದವು. ಅದನ್ನು ಬೇಗ ಮಾಡುವುದು ಹೇಗೆಂದು ಕದಿರೇಶ ಅಲ್ಲೇ ಹೇಳಿಕೊಡಬಹುದಿತ್ತು. ಹೇಳಲಿಲ್ಲ. ಬಸ್ಸಿಗೂ ಕಾಯದವನು ಕೈಕಟ್ಟಿ ಕೂತ. ಬೂದು ಇರುವವರೆಗೆ ಅವಳು ಅದರಲ್ಲಿ ಇರಬಹುದಿತ್ತು. ಒಂದೊಂದು ಚೌಕ ಮೂಡಿದಾಗಲೂ ಅವಳು ಅಲ್ಲಿಲ್ಲ ಎಂದು ಖಾತರಿಯಾಗುತ್ತಿತ್ತು. ಮದುಮಗಳು, ಮದುಮಗ, ಕಂಬ, ಐಸ್‌ಕ್ರೀಮು, ಚಪ್ಪಲಿಯ ರಾಶಿ. ಕೊನೆಗೆ ಅಡುಗೆಮನೆಯದೊಂದು ಬಂತು. ಅದರಲ್ಲಿ ಅವಳ ಬೆನ್ನಿತ್ತು.

"ಇದೇನಾಣ್ಣಾ? ತಿರುಗಿ ನಿಂತವ್ರಲ್ಲ," ಎಂದ ಕಂಪ್ಯೂಟರಿನವನು.

"ಹೌದು," ಎಂದ ಕದಿರೇಶ. "ಅವಳು ಹಂಗೇ."

ಹನ್ನೊಂದನೇ ದಿನದ ಹಿಂದಿನ ಸಂಜೆ ಅವನು ಫ್ರೇಮಿನಂಗಡಿಗೆ ಬಂದು ಅಂಚೆಚೀಟಿಗಿಂತ ತುಸು ದೊಡ್ಡದಾದ ಒಂದು ಕಾಗದವನ್ನು ಮೇಜಿನ ಮೇಲಿಟ್ಟ. ಶ್ರೀನಿವಾಸಪುರದ ಚಿಕ್ಕ ಪ್ರತಿ, ಇದ್ದಷ್ಟೇ ಅಳತೆಯಲ್ಲಿ ಅಚ್ಚು ಹಾಕಿದ್ದ. ಅದರಲ್ಲಿ ಮುನಿಶಾಮಮ್ಮನ ಮುಖ ತೊಗರಿಬೇಳೆಯಷ್ಟಿತ್ತು.

"ಹಿಗ್ಗಿಸಲಿಲ್ಲ ಅಣ್ಣಾ. ಆಣೆ ಮಾಡಿದ್ದೆ."

ಅಷ್ಟು ಚಿಕ್ಕ ಕಟ್ಟನ್ನು ಆ ಅಂಗಡಿಯಲ್ಲಿ ಯಾವತ್ತೂ ಮಾಡಿರಲಿಲ್ಲ. ಉದ್ದ ಪಟ್ಟಿ ಕೊಯ್ಯಬೇಕಾಗಲಿಲ್ಲ. ಗೋಡೆಯ ಹಲಗೆಯಿಂದ ಕರಿಯ ಮೂಲೆತುಂಡುಗಳನ್ನು ಕಿತ್ತು ಜೋಡಿಸಿದರೆ ಸಾಕಾಯಿತು. ಮರುದಿನ ಎಲೆಯ ಮುಂದೆ ಅದನ್ನು ಇಟ್ಟರು. ಅವಳಿಗಿಷ್ಟವಾದ ಕೋಡುಬಳೆ ಅದಕ್ಕಿಂತ ದೊಡ್ಡದಿತ್ತು. ಬಂದವರು ನಮಸ್ಕಾರ ಮಾಡಲು ಮೊದಲು ಬಗ್ಗಿ, ಆಮೇಲೆ ಇನ್ನಷ್ಟು ಬಗ್ಗಿ ಹುಡುಕಬೇಕಾಯಿತು. ಅವಳು ನಗುತ್ತಿದ್ದಾಳೆ ಎಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುತ್ತಿತ್ತು.

ಕದಿರೇಶ ಸ್ಟುಡಿಯೋ ಬಿಟ್ಟ. ಈಗ ಕೋಲಾರದ ಮಾರುಕಟ್ಟೆಗೆ ಟೊಮೇಟೊ ಕ್ರೇಟು ಸಾಗಿಸುವ ಟೆಂಪೋ ಓಡಿಸುತ್ತಾನೆ. ವಿಷಯ ತಿಳಿಯದ ಹಳ್ಳಿಯವರು ಇಂದಿಗೂ ಟೆಂಪೋ ನಿಲ್ಲಿಸಿ ಕೇಳುತ್ತಾರೆ: ನಮ್ಮಪ್ಪ ಇಂಥ ಮದುವೆಯಲ್ಲಿದ್ದರು, ನಮ್ಮಕ್ಕ ಅಂಥ ನಾಮಕರಣದಲ್ಲಿದ್ದಳು. ಅವನಿಗೆ ಎಲ್ಲವೂ ನೆನಪಿದೆ. "ಇದ್ರು. ಎರಡನೇ ಪಂಕ್ತಿ, ಕಿಟಕಿ ಪಕ್ಕ. ಹಪ್ಪಳ ಮುರೀತಿದ್ರು," ಎನ್ನುತ್ತಾನೆ. ಅವರು ಇನ್ನೇನಾದರೂ ಕೊಡುತ್ತಾನೆಂದು ನಿಂತಿರುತ್ತಾರೆ. ಅವನು ಗೇರು ಹಾಕುತ್ತಾನೆ.

ನಮ್ಮ ನಡುಮನೆಯ ಗೋಡೆಯ ಮೇಲೆ ಆದಿಲಕ್ಷ್ಮಿ ಅಕ್ಷತೆ ಹಿಡಿದು ನಿಂತಿದ್ದಾಳೆ, ಬೀದಿಬಾಗಿಲಿನಿಂದಲೇ ಗುರುತು ಸಿಗುವಷ್ಟು ದೊಡ್ಡದಾಗಿ. ನಾನು ಕೇಳುವ ಮೊದಲೇ ಅವಳನ್ನು ತಂದುಕೊಟ್ಟವನು ಕದಿರೇಶ. ನಾನು ಅವನಿಗೆ ಕೊಟ್ಟದ್ದು ಅಂಗೈಯಲ್ಲಿ ಮುಚ್ಚಿಹೋಗುವ ಒಂದು ಕರಿಯ ಕಟ್ಟು. ಅವನಿಗೆ ನಾನು ಒಂದು ಮುಖ ಕೊಡುವುದು ಬಾಕಿ ಇದೆ.